ಸೂರಿನಡಿಯ ಮಣ್ಣಿನ ಹಾದಿ

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರಗಳ ರೇಡಿಯೋ ಕಾರು ಹವ್ಯಾಸಿಗಳಾದ ತರುಣ ಮಿತ್ರರಿಗೆ,



ಉಬ್ಬುತಗ್ಗಿನ ನೆಲದ ಮೇಲೆ ಓಡಲೆಂದೇ ನಿರ್ಮಿತವಾದ ರೇಡಿಯೋ ಕಾರುಗಳಿಗೆ ಒಂದು ಒಳಾಂಗಣ ಹಾದಿಯನ್ನು ಕಟ್ಟಬೇಕೆಂಬ ಹಂಬಲ ನಮ್ಮ ಭಾಗದ ತರುಣರಲ್ಲಿ ಹುಟ್ಟಿರುವುದನ್ನು ಕೇಳಿದಂದಿನಿಂದ, ಆಯುಷ್ಯದ ಬಹುಭಾಗವನ್ನು ರಸ್ತೆಕೆಲಸದ ಮಣ್ಣು, ಗರಸು, ಖಡಿಗಳ ನಡುವೆ ಕಳೆದ ನನಗೆ ನಿಮ್ಮೊಡನೆ ಎರಡು ಮಾತನಾಡಬೇಕೆಂಬ ಇಚ್ಛೆ ಬಲವಾಗುತ್ತ ಬಂದಿದೆ. ತಿರುವುಗಳು ಎಷ್ಟಿರಬೇಕು, ಜಿಗಿತದ ದಿಬ್ಬಗಳು ಎಷ್ಟೆತ್ತರವಿರಬೇಕು, ಚಾಲಕರು ನಿಲ್ಲುವ ಅಟ್ಟ ಯಾವ ಗೋಡೆಗೆ ಹೊಂದಿರಬೇಕು ಎಂಬಿವೇ ಮೊದಲಾದ ವಿಷಯಗಳಲ್ಲಿ ನಿಮಗಿರುವ ತಿಳಿವಳಿಕೆ ನನಗಿಲ್ಲ. ಆದರೆ ಇವೆಲ್ಲಕ್ಕೂ ಆಧಾರಭೂತವಾದ ನೆಲವು ಯಾವ ವಸ್ತುವಿನಿಂದ ಆಗಬೇಕೆಂಬ ಪ್ರಶ್ನೆಯೊಂದಿದೆಯಲ್ಲ, ಅದು ಗೋದಾಮಿನ ಬಾಡಿಗೆಯ ಕರಾರಿಗೆ ರುಜು ಬೀಳುವುದಕ್ಕಿಂತ ಮುಂಚೆಯೇ ನಿರ್ಣಯವಾಗತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ನನ್ನ ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ನೀರು ಚಿಮುಕಿಸಿ, ಗುಡಿಸಿ, ಒಡೆದಲ್ಲಿ ಮೆತ್ತುವವರ ಕೈಗೆ ಒಗ್ಗುವ ನೆಲವೇ ಉತ್ತಮವಾದ ನೆಲ. ಆ ಕೈಗಳು ನಿಮ್ಮವೇ ಆಗಿರುವುದರಿಂದಲೂ, ನೀವು ಈ ಜಿಲ್ಲೆಯವರಾಗಿರುವುದರಿಂದಲೂ, ಈ ಜಿಲ್ಲೆಯ ಎರಿ ಮತ್ತು ಗರಸುಗಳನ್ನು ಹದವರಿತು ಬೆರೆಸಿ ಬಡಿದ ಮಣ್ಣಿನ ನೆಲವನ್ನೇ ನೀವು ಆರಿಸಿಕೊಳ್ಳಬೇಕು.

ಈ ಕ್ರೀಡೆ ಹುಟ್ಟಿದ್ದೇ ಮಣ್ಣಿನ ಮೇಲೆ. 1979ರಲ್ಲಿ ಜಪಾನಿನ ಟಾಮಿಯಾ ಕಂಪನಿಯು ಮರಳುದಿಬ್ಬಗಳ ಮೇಲೆ ಓಡುವ ಗಾಡಿಗಳ ಮಾದರಿಯಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಕಾರುಗಳನ್ನು ಹೊರತಂದಿತು. 1984ರಲ್ಲಿ ಅಮೆರಿಕೆಯ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂದು, ಆಟಿಕೆಯೆಂದು ಕಾಣುತ್ತಿದ್ದುದನ್ನು ಪಂದ್ಯದ ಯಂತ್ರವನ್ನಾಗಿ ಮಾಡಿತು. ಮರುವರ್ಷ, 1985ರಲ್ಲಿ, ನಿಜ ಗಾಡಿಯ ಹತ್ತನೆಯ ಒಂದು ಪಾಲಿನ ಅಳತೆಯ ಈ ಕಾರುಗಳ ಮೊದಲ ವಿಶ್ವಸ್ಪರ್ಧೆ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆಯಿತು. ಅನಂತರದ ದಿನಗಳಲ್ಲಿ, ಚಳಿಗಾಲದ ತಿಂಗಳುಗಳನ್ನು ನಾಲ್ಕು ಗೋಡೆಗಳ ನಡುವೆಯೇ ಕಳೆಯಬೇಕಾದ ಯೂರೋಪಿನ ಜನರು, ವ್ಯಾಯಾಮಶಾಲೆಗಳಲ್ಲಿಯೂ ಪ್ರದರ್ಶನಭವನಗಳಲ್ಲಿಯೂ ಮಣ್ಣನ್ನು ಸುರಿಯಲಾರದೆ, ಒತ್ತಾದ ಕಾರ್ಪೆಟ್ಟನ್ನು, ಕೆಲವೆಡೆ ಕೃತಕ ಹುಲ್ಲನ್ನು ಹಾಸಿ, ಹಲಗೆಯ ದಿಬ್ಬಗಳನ್ನಿಟ್ಟು ಓಡಿಸಲಾರಂಭಿಸಿದರು. ಈಚೆಗೆ ವಿಶ್ವಸ್ಪರ್ಧೆಯೇ ಕಾರ್ಪೆಟ್ಟಿನ ಮೇಲೆ ನಡೆದದ್ದುಂಟು. ಆದಕಾರಣ ನಿಮ್ಮಲ್ಲಿ ಕೆಲವರು ಕಾರ್ಪೆಟ್ಟಿನ ಪಕ್ಷ ವಹಿಸಿದ್ದರೆ ಅದು ಅಜ್ಞಾನದ ಮಾತೆಂದು ನಾನು ತಿಳಿಯಲಾರೆ.

ಕಾರ್ಪೆಟ್ಟಿನ ಗುಣಗಳು ನಿರ್ವಿವಾದವಾದವು. ಅದಕ್ಕೆ ನೀರು ಬೇಡ; ಬೆಳಿಗ್ಗೆ ಇದ್ದ ಹಿಡಿತ ಸಂಜೆಗೂ ಇರುತ್ತದೆ; ಕಾರಿನ ಬೇರಿಂಗಿಗೆ ಕೆಸರು ತಾಗುವುದಿಲ್ಲ; ಪಂದ್ಯ ಮುಗಿದ ತರುವಾಯ ಸುತ್ತಿಟ್ಟರೆ ಆ ಜಾಗದಲ್ಲಿ ಮರುದಿನ ಮದುವೆಯನ್ನೂ ಮಾಡಬಹುದು. ನಿಮಗೆ ದೊರೆಯುವ ಸ್ಥಳವು ಹೀಗೆ ಹಲವರು ಹಂಚಿಕೊಳ್ಳುವ ಸ್ಥಳವಾಗಿದ್ದರೆ ನನ್ನ ಈ ಪತ್ರವನ್ನು ಪಕ್ಕಕ್ಕಿಟ್ಟು ನಿಸ್ಸಂದೇಹವಾಗಿ ಕಾರ್ಪೆಟ್ಟನ್ನೇ ಹಾಸಿರಿ. ಆದರೆ ನಮ್ಮ ಊರಿನ ಗೋದಾಮುಗಳ ಸ್ಥಿತಿಯನ್ನು ನೀವು ಬಲ್ಲಿರಿ: ಮೇಲೆ ತಗಡು, ಗೋಡೆಗೂ ತಗಡಿಗೂ ನಡುವೆ ಕೈ ತೂರುವಷ್ಟು ಸಂದು, ಚೈತ್ರ ವೈಶಾಖಗಳ ಸುಳಿಗಾಳಿ ಎದ್ದಿತೆಂದರೆ ಹೊಲದ ಧೂಳೆಲ್ಲ ಒಳಗೆ. ಕಾರ್ಪೆಟ್ಟಿನ ನೂಲಿನ ಬುಡದಲ್ಲಿ ಸೇರಿದ ಆ ಸಣ್ಣ ಮರಳು ಮೇಲಿನಿಂದ ಕಾಣಿಸದೆ, ಗುಡಿಸಿದರೆ ಬಾರದೆ, ಓಡುವ ಪ್ರತಿಯೊಂದು ಟೈರನ್ನೂ ಉಪ್ಪುಕಾಗದದಂತೆ ಉಜ್ಜುತ್ತದೆ. ಅದೂ ಅಲ್ಲದೆ, ಹರಿದ ಕಾರ್ಪೆಟ್ಟಿಗೆ ತೇಪೆ ಹಚ್ಚಲು ಅದೇ ಬಗೆಯ ತುಂಡು ಇಲ್ಲಿಯ ಪೇಟೆಯಲ್ಲಿ ಸಿಗುವುದೆಂದು ಹೇಳಲಾಗದು. ಒಡೆದ ಮಣ್ಣಿಗೆ ತೇಪೆ ಹಚ್ಚಲು ಒಂದು ಬುಟ್ಟಿ ಮಣ್ಣು ಸಾಕು. ಹಲಗೆಯ ದಿಬ್ಬವು ಮಾಡಿದ ದಿನ ಹೇಗಿತ್ತೋ ವರ್ಷವಿಡೀ ಹಾಗೆಯೇ ಇರುತ್ತದೆ. ಮಣ್ಣಿನ ದಿಬ್ಬವನ್ನು ಸಲಿಕೆ ಹಿಡಿದವರು ಒಂದು ಸಂಜೆಯಲ್ಲಿ ಬೇರೆ ಮಾಡಬಲ್ಲರು.

ಇನ್ನು ಮಣ್ಣಿನ ವಿಚಾರ.

ವಿಜಯಪುರದ ನೆಲವೆಂದೊಡನೆ ನೆನಪಾಗುವುದು ಎರಿ. ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಗಲ್ಲು ಸವೆದು ಸವೆದು ಆದ ಈ ಮಣ್ಣು ಹಿಂಗಾರಿ ಜೋಳಕ್ಕೆ ತಾಯಿಯಾದರೂ, ಅದರ ಮೇಲೆ ಏನನ್ನಾದರೂ ಕಟ್ಟಹೊರಟವನಿಗೆ ಬಹು ಕಷ್ಟದ ಮಣ್ಣು. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ಅತಿ ತೆಳುವಾದ ಪದರಗಳಿಂದ ಕೂಡಿದ್ದು, ನೀರು ಆ ಪದರಗಳ ನಡುವೆ ನುಗ್ಗಿದಾಗ ಉಬ್ಬಿ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳು ಅಂಗೈ ಇಳಿಯುವಷ್ಟು ಅಗಲವಾಗಿ ಬಾಯಿಬಿಡುವುದು ಇದೇ ಕಾರಣದಿಂದ. ಬರಿಯ ಎರಿಯಿಂದ ಹಾದಿ ಮಾಡಿದರೆ ಒದ್ದೆಯಿದ್ದಾಗ ಅದು ಟೈರಿಗೆ ಮೆತ್ತಿಕೊಂಡು ಕಾರನ್ನು ಭಾರ ಮಾಡುತ್ತದೆ, ಆರಿದಾಗ ಬಿಲ್ಲೆಬಿಲ್ಲೆಯಾಗಿ ಎದ್ದು ಬರುತ್ತದೆ. ಹಾಗೆಂದು ಅದನ್ನು ಬಿಟ್ಟೇಬಿಡುವುದೂ ಅವಿವೇಕವೇ ಸರಿ. ಏಕೆಂದರೆ ಹಿಡಿತವೆಂಬ ಗುಣವು ಮಣ್ಣಿಗೆ ಬರುವುದು ಜೇಡಿಯಿಂದ, ಮತ್ತು ಅಷ್ಟು ಬಲವಾದ ಜೇಡಿ ನಮಗೆ ಮನೆಬಾಗಿಲಲ್ಲೇ ಇದೆ.

ಎರಿಗೆ ಬೇಕಾದ ಜೊತೆಗಾರ ಗರಸು. ದಿನ್ನೆಗಳಲ್ಲಿ, ಎರಿಯ ಹೊದಿಕೆ ತೆಳುವಾದಲ್ಲಿ, ಅರೆ ಕರಗಿದ ಕಲ್ಲಿನ ರೂಪದಲ್ಲಿ ಸಿಗುವ, ಹೊಲದ ದಾರಿಗೂ ಮನೆಯ ಪಾಯಕ್ಕೂ ನಾವು ಹಾಕಿಸುವ ಈ ಒರಟು ಮಣ್ಣು ನೀರಿಗೆ ಉಬ್ಬುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ತಾನೇ ಅಸ್ಥಿಪಂಜರದಂತೆ ನಿಂತು, ಎರಿಯನ್ನು ತನ್ನ ಸಂದುಗಳಲ್ಲಿ ಹಿಡಿದಿಡುತ್ತದೆ. ಆದರೆ ಅದನ್ನು ಜಾಳಿಗೆಯಲ್ಲಿ ಸೋಸದೆ ಹಾಕಲಾಗದು. ಸುಮಾರು ಮೂರು ಮಿಲಿಮೀಟರಿಗಿಂತ ದಪ್ಪವಾದ ಹರಳುಗಳೆಲ್ಲ ಹೊರಗುಳಿಯಬೇಕು. ಒಂದೂವರೆ ಕಿಲೋಗ್ರಾಮಿನ ಆಸುಪಾಸಿನ ನಿಮ್ಮ ಕಾರಿಗೆ ಅಂತಹ ಹರಳು ಬಂಡೆಯೇ ಸರಿ, ಅದು ಹಲ್ಲುಗಾಲಿಯ ನಡುವೆ ಸಿಕ್ಕಿತೆಂದರೆ ಪ್ಲಾಸ್ಟಿಕ್ಕಿನ ಹಲ್ಲುಗಳು ಒಂದೇ ಸುತ್ತಿಗೆ ಉದುರಿಹೋಗುತ್ತವೆ.

ಎಲ್ಲಿಂದ ತರಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಾರವಾಡದ ಬಳಿ ಬಬಲೇಶ್ವರದ ದಾರಿಯನ್ನು ದಾಟುವ ಡೋಣಿ ನದಿಯ ದಂಡೆಗಳಲ್ಲಿ, ಬೇಸಿಗೆಯಲ್ಲಿ ಬಿಳಿಯ ಹೊಪ್ಪಳಿಕೆ ಏಳುವ ಸವುಳು ನೆಲವನ್ನು ನೀವು ಕಂಡಿದ್ದೀರಿ. ಆ ಮಣ್ಣಿನಲ್ಲಿರುವ ಲವಣವು ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಗೊಡದೆ ಚದುರಿಸುತ್ತದೆ. ಒಣಗಿದಾಗ ಮೇಲ್ಮೈ ಹಿಟ್ಟಾಗುತ್ತದೆ, ಮತ್ತು ಆ ಹಿಟ್ಟು ಕಾರಿನ ಉಕ್ಕಿನ ತಿರುಪು, ಬೇರಿಂಗುಗಳಿಗೆ ತುಕ್ಕನ್ನು ತರುತ್ತದೆ. ಡೋಣಿಯ ನೀರೂ ಉಪ್ಪೇ ಆದ್ದರಿಂದ ಚಿಮುಕಿಸಲು ಅದನ್ನು ಬಳಸಬೇಡಿ. ಪರದೇಶಗಳಲ್ಲಿ ಕೆಲವರು ಮಣ್ಣಿನ ತೇವ ಉಳಿಯಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣವನ್ನು ಬೆರೆಸುವುದುಂಟು. ಅದು ಗಾಳಿಯ ತೇವವನ್ನು ಹೀರಿ ಧೂಳನ್ನು ತಡೆಯುವುದೇನೋ ನಿಜ, ಆದರೆ ಲೋಹವನ್ನು ತಿನ್ನುವುದೂ ಅಷ್ಟೇ ನಿಜ. ಸಕ್ಕರೆಯ ನೀರನ್ನು ಹೊಡೆದು ಹಿಡಿತ ಹೆಚ್ಚಿಸುವ ಪದ್ಧತಿಯೂ ಇದೆ. ಕೃಷ್ಣಾತೀರದ ಸಕ್ಕರೆ ಕಾರ್ಖಾನೆಗಳ ಕಾಕಂಬಿ ನಮಗೆ ದೂರವಲ್ಲವೆಂದು ಯಾರಾದರೂ ಸೂಚಿಸಿಯಾರು. ಇರುವೆಗಳ ದಂಡು ಬಂದ ಮೇಲೆ ಅವನ್ನು ಕಳಿಸುವ ಉಪಾಯವನ್ನೂ ಅವರೇ ಸೂಚಿಸಬೇಕಾಗುತ್ತದೆ.

ಬಿರಿಯುವ ಎರಿಯನ್ನು ಬಿರಿಯದಂತೆ ನಿಲ್ಲಿಸುವ ವಿದ್ಯೆಯನ್ನು ಕಲಿಯಲು ನೀವು ಪರದೇಶಕ್ಕೆ ಹೋಗಬೇಕಾಗಿಲ್ಲ. ರಾಶಿಯ ಯಂತ್ರಗಳು ಬರುವುದಕ್ಕೆ ಮುಂಚೆ, ಡಾಂಬರಿನ ರಸ್ತೆಯ ಮೇಲೆಯೇ ಕಾಳು ಒಣಹಾಕುವ ಈಗಿನ ರೂಢಿ ಬೀಳುವುದಕ್ಕೆ ಮುಂಚೆ, ನಿಮ್ಮ ಅಜ್ಜಂದಿರು ಪ್ರತಿ ಸುಗ್ಗಿಯಲ್ಲಿಯೂ ಹೊಲದ ಮೂಲೆಯಲ್ಲಿ ಕಣ ಮಾಡುತ್ತಿದ್ದರು. ಎರಿಯನ್ನು ಕೆತ್ತಿ ಸಮಮಾಡಿ, ನೀರು ಹೊಡೆದು, ಮೇಲೆ ಹೊಟ್ಟು ಚೆಲ್ಲಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತುಸುತ್ತಾಗಿ ತಿರುಗಿಸಿ ತುಳಿಸಿ, ಕೊನೆಯಲ್ಲಿ ಸೆಗಣಿಯಿಂದ ಸಾರಿಸಿ ಬಿಟ್ಟರೆ, ಸುತ್ತಲಿನ ಹೊಲವೆಲ್ಲ ಬಾಯಿಬಿಟ್ಟಿರುವಾಗ ಆ ಕಣ ಮಾತ್ರ, ಒಂದು ಕಾಳೂ ಮಣ್ಣಾಗದಂತೆ, ರಾಶಿ ಮುಗಿಯುವವರೆಗೂ ಗಟ್ಟಿಯಾಗಿ ನಿಲ್ಲುತ್ತಿತ್ತು. ಇದರಲ್ಲಿ ಪವಾಡವಿಲ್ಲ. ಹದವಾದ ತೇವದಲ್ಲಿ ತುಳಿದದ್ದರಿಂದ ಮಣ್ಣಿನೊಳಗಿನ ಗಾಳಿ ಹೊರಬಿದ್ದಿತು. ಹೊಟ್ಟಿನ ಎಳೆಗಳು ಒಂದು ದೊಡ್ಡ ಬಿರುಕು ಆಗಬೇಕಾದುದನ್ನು ಕಣ್ಣಿಗೆ ಕಾಣದ ನೂರು ಸಣ್ಣ ಬಿರುಕುಗಳಾಗಿ ಹಂಚಿದವು. ಸೆಗಣಿಯ ನಾರು ಮೇಲಿನ ಧೂಳನ್ನು ಕಟ್ಟಿಹಾಕಿತು. ನಿಮ್ಮ ಹಾದಿಗೆ ಬೇಕಾದುದು ಈ ಮೂರೇ.

ಇನ್ನೊಂದು ಪಾಠ ತಾಲೀಮಿನಲ್ಲಿದೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಜಂಗೀ ಕುಸ್ತಿಗಳನ್ನು ನೋಡಿ ಬೆಳೆದ ಊರು ನಮ್ಮದು. ಕುಸ್ತಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಯ ರಸಗಳನ್ನು ಹಾಕಿ ಹದಗೊಳಿಸುವುದನ್ನು ನೀವೆಲ್ಲ ಬಲ್ಲಿರಿ. ಆ ಮಣ್ಣು ಬಿದ್ದವನನ್ನು ಮೆತ್ತಗೆ ಎತ್ತಿಕೊಳ್ಳಬೇಕಾದುದರಿಂದ ಸಡಿಲವಾಗಿರತಕ್ಕದ್ದು, ನಿಮ್ಮದು ಬಿಗಿಯಾಗಿರತಕ್ಕದ್ದು. ಆದ್ದರಿಂದ ಆ ಮಣ್ಣಿನ ಪಾಕ ನಿಮಗೆ ಉಪಯೋಗವಿಲ್ಲ. ಉಪಯೋಗವಾಗುವುದು ಅಲ್ಲಿಯ ಶಿಸ್ತು. ಕಣಕ್ಕಿಳಿಯುವ ಪೈಲವಾನನೇ ಗುದ್ದಲಿ ಹಿಡಿದು ಮಣ್ಣು ಅಗೆದು, ಹಸನು ಮಾಡಿ, ನೀರು ಚಿಮುಕಿಸಿ, ಆ ಬಳಿಕ ಜೋಡಿಗೆ ಕೈಕೊಡುತ್ತಾನೆ. ಅದು ಅವನ ವ್ಯಾಯಾಮದ ಅಂಗವೇ ಆಗಿದೆ. ಹಾದಿಯ ಉಸ್ತುವಾರಿಗೆಂದು ಕೂಲಿಯ ಆಳನ್ನಿಟ್ಟು, ಓಡಿಸುವವರು ರಿಮೋಟು ಹಿಡಿದು ಬಂದು ರಿಮೋಟು ಹಿಡಿದೇ ಹೋಗುವ ಸಂಘವು ಮಣ್ಣಿನ ನೆಲವನ್ನು ಒಂದು ಬೇಸಿಗೆಯೂ ಉಳಿಸಿಕೊಳ್ಳಲಾರದು. ಹಾಗಾಗುವುದಿದ್ದರೆ ಕಾರ್ಪೆಟ್ಟೇ ಲೇಸು.

ಬೆರಕೆಯ ಪ್ರಮಾಣವನ್ನು ಪತ್ರದಲ್ಲಿ ಬರೆದು ಕಳಿಸುವುದು ಯಾರಿಗೂ ಸಾಧ್ಯವಿಲ್ಲ. ಗರಸು ಗರಸಿಗೆ ಭೇದವಿದೆ. ಪರೀಕ್ಷೆಯ ಕ್ರಮವನ್ನು ಮಾತ್ರ ಹೇಳಬಲ್ಲೆ. ಮೊದಲು ಗಾಜಿನ ಬಾಟಲಿಯೊಂದರಲ್ಲಿ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿರಿ. ಮರಳು ನೋಡುನೋಡುತ್ತ ತಳಕ್ಕಿಳಿಯುತ್ತದೆ, ನುಣುಪು ಮಣ್ಣು ಗಂಟೆಗಳಲ್ಲಿ ಕೂಡುತ್ತದೆ, ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಯಾವುದು ಎಷ್ಟಿದೆಯೆಂಬ ಅಂದಾಜು ಇದರಿಂದ ಬಂದ ಮೇಲೆ, ಒಂದು ಅಡಿ ಚೌಕದ, ಎರಡು ಇಂಚು ಆಳದ ಮರದ ತಟ್ಟೆಗಳನ್ನು ಮಾಡಿಸಿ, ಎರಿ ಒಂದು ಪಾಲಿಗೆ ಗರಸು ಎರಡು ಪಾಲು, ಮೂರು ಪಾಲು, ನಾಲ್ಕು ಪಾಲು ಹೀಗೆ ಬೇರೆ ಬೇರೆ ಬೆರಕೆಗಳನ್ನು, ಪ್ರತಿಯೊಂದಕ್ಕೂ ಒಂದು ಹಿಡಿ ಸಣ್ಣ ಹೊಟ್ಟು ಸೇರಿಸಿ ಕಲಸಿ, ಬಡಿದು, ನೆರಳಿನಲ್ಲಿ ಒಂದು ವಾರ ಆರಗೊಡಿರಿ. ಎರಿ ಹೆಚ್ಚಾದ ತಟ್ಟೆಯು ಕನ್ನಡಿಯ ಹಾಗೆ ಮಿನುಗಿ, ಅಂಚುಗಳನ್ನು ಮೇಲಕ್ಕೆತ್ತಿಕೊಂಡು, ನಡುವೆ ಸೀಳಿರುತ್ತದೆ. ಗರಸು ಹೆಚ್ಚಾದುದು ಸೀಳಿರುವುದಿಲ್ಲ, ಆದರೆ ಅಂಗೈಯಿಂದ ಉಜ್ಜಿದರೆ ಬೆರಳಿನ ಗೆರೆಗಳಲ್ಲಿ ಬೂದುಬಣ್ಣದ ಪುಡಿ ತುಂಬಿಕೊಳ್ಳುತ್ತದೆ. ಇನ್ನು ಕಾರನ್ನು ಕೈಯಲ್ಲಿ ಹಿಡಿದು, ಹಿಂದಿನ ಗಾಲಿಯನ್ನು ತಟ್ಟೆಗೆ ತಾಗಿಸಿ, ಮೋಟಾರನ್ನು ಒಮ್ಮೆ ಪೂರ್ಣವಾಗಿ ಬಿಡಿರಿ: ಗಾಲಿ ಕುಣಿ ತೋಡಿ ಹರಳುಗಳನ್ನು ಹೊರಗೆ ಚೆಲ್ಲಿದರೆ ಆ ಬೆರಕೆ ನಿಮ್ಮದಲ್ಲ, ಕರಿಯದೊಂದು ರಬ್ಬರಿನ ಗುರುತು ಮಾತ್ರ ಬಿದ್ದರೆ ಹುಡುಕುತ್ತಿದ್ದುದು ಸಿಕ್ಕಿತೆಂದು ತಿಳಿಯಿರಿ. ಬಹುಮಟ್ಟಿಗೆ ಮೂರಕ್ಕೆ ಒಂದರ ಆಸುಪಾಸಿನಲ್ಲಿ ಅದು ಸಿಗುವುದೆಂದು ನನ್ನ ಊಹೆ.

ಗೋದಾಮಿನ ತಳ ಸಿಮೆಂಟಿನದೋ ಶಹಾಬಾದಿ ಫರಸಿಯದೋ ಆಗಿದ್ದರೆ ಬೇರೆ ಪಾಯ ಬೇಡ. ಎರಿಯ ಮೇಲೆಯೇ ನಿಂತ ಶೆಡ್ಡಾದರೆ, ಆ ಎರಿಯ ಮೇಲ್ಪದರಕ್ಕೆ ನೂರಕ್ಕೆ ನಾಲ್ಕಾರು ಪಾಲು ಸುಣ್ಣ ಬೆರೆಸಿ ಬಡಿದರೆ ಅದರ ಉಬ್ಬುವ ಸ್ವಭಾವ ಅಡಗುತ್ತದೆ. ಗೋಳಗುಮ್ಮಟದ ಕಲ್ಲುಗಳನ್ನು ಇಂದಿಗೂ ಹಿಡಿದುಕೊಂಡಿರುವ ಸುಣ್ಣದ ಸಾಮರ್ಥ್ಯವನ್ನು ವಿಜಯಪುರದವರಿಗೆ ನಾನು ವರ್ಣಿಸಬೇಕಾಗಿಲ್ಲ. ಮೇಲಿನ ಓಟದ ಪದರಕ್ಕೆ ಮಾತ್ರ ಸುಣ್ಣ ಸೋಂಕಬಾರದು. ಅದರ ಪುಡಿ ಕಣ್ಣಿಗೂ ಉಸಿರಿಗೂ ಕೆಟ್ಟದ್ದು.

ಅರುವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಜಾಗವನ್ನು ಉದಾಹರಣೆಗೆ ಹಿಡಿಯೋಣ. ನಾಲ್ಕು ಇಂಚು ದಪ್ಪಕ್ಕೆ ಬಡಿದ ಮಣ್ಣು ಎಂಟು ಬ್ರಾಸ್ ಆಗುತ್ತದೆ. ಸಡಿಲ ಮಣ್ಣು ಬಡಿದಾಗ ಕುಗ್ಗುವುದನ್ನೂ ದಿಬ್ಬಗಳನ್ನೂ ಲೆಕ್ಕ ಹಾಕಿದರೆ ಹನ್ನೆರಡು ಬ್ರಾಸಿಗೆ ಕಡಿಮೆ ತರಿಸಬೇಡಿ. ಅದನ್ನು ಒಂದೇ ಸಲ ಸುರಿದು ಮೇಲಿನಿಂದ ರೋಲರು ಹೊಡೆದರೆ ಮೇಲಿನ ಅಂಗುಲ ಗಟ್ಟಿಯಾಗಿ ಒಳಗೆಲ್ಲ ಪೊಳ್ಳು ಉಳಿಯುತ್ತದೆ. ಎರಡೆರಡು ಇಂಚಿನ ಪದರಗಳಲ್ಲಿ ಹಾಸಿ, ಪ್ರತಿ ಪದರವನ್ನೂ ದಮ್ಮಸು ಮಾಡತಕ್ಕದ್ದು. ತೇವ ಎಷ್ಟಿರಬೇಕೆಂಬುದನ್ನು 1933ರಲ್ಲಿ ಅಮೆರಿಕೆಯ ಪ್ರಾಕ್ಟರ್ ಎಂಬ ಎಂಜಿನಿಯರು ಅಣೆಕಟ್ಟಿನ ಕೆಲಸದಲ್ಲಿ ಶಾಸ್ತ್ರೀಯವಾಗಿ ತೋರಿಸಿಕೊಟ್ಟರು: ಪ್ರತಿಯೊಂದು ಮಣ್ಣಿಗೂ ಅದು ಅತ್ಯಂತ ಬಿಗಿಯಾಗುವ ಒಂದು ತೇವವಿದೆ, ಅದಕ್ಕಿಂತ ಕಡಿಮೆಯಾದರೂ ಹೆಚ್ಚಾದರೂ ಬಡಿದ ಶ್ರಮ ವ್ಯರ್ಥ. ನಮ್ಮ ಮೇಸ್ತ್ರಿಗಳು ಅದನ್ನು ಮುಷ್ಟಿಯಲ್ಲಿ ಅಳೆಯುತ್ತಾರೆ. ಹಿಡಿದ ಉಂಡೆ ನಿಲ್ಲಬೇಕು, ಅಂಗೈಗೆ ನೀರು ಹತ್ತಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಈ ಕೆಲಸವನ್ನು ಬೇಸಿಗೆಯಲ್ಲಿ ಆರಂಭಿಸಬೇಡಿ. ಶ್ರಾವಣ ಭಾದ್ರಪದಗಳಲ್ಲಿ ಗಾಳಿಯಲ್ಲಿ ತೇವವಿದ್ದು ಮಣ್ಣು ನಿಧಾನವಾಗಿ ಆರುವಾಗ ಬಿರುಕು ಕಡಿಮೆ.

ಹಾದಿ ಸಿದ್ಧವಾದ ಮೇಲೆ ನೀರಿನ ಪ್ರಶ್ನೆ. ಆ ಅಳತೆಯ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 220 ಲೀಟರು. ನಮ್ಮದು ಕುಡಿಯುವ ನೀರಿಗೆ ಕೊಡ ಹಿಡಿದು ಕಾದ ಸೀಮೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಹೊಲಗಳಿಗೆ ಬಂದಿದೆಯೆಂದ ಮಾತ್ರಕ್ಕೆ ಆಟಕ್ಕಾಗಿ ನೀರು ಚೆಲ್ಲುವ ಅಧಿಕಾರ ನಮಗೆ ಬಂದಿಲ್ಲ. ತಗಡಿನ ಸೂರಿಗೆ ಪನಾಳಿ ಕಟ್ಟಿಸಿ ಮಳೆಯ ನೀರನ್ನು ತೊಟ್ಟಿಗೆ ಇಳಿಸಿಕೊಂಡರೆ ಈ ಖರ್ಚಿನ ದೊಡ್ಡ ಭಾಗ ಅಲ್ಲಿಯೇ ತೀರುತ್ತದೆ. ಉಳಿದುದಕ್ಕೆ ಓಟ ಮುಗಿದ ರಾತ್ರಿ ಹೊತ್ತು ಸಣ್ಣ ತುಂತುರಿನಲ್ಲಿ ಸಿಂಪಡಿಸಿ, ಮೇಲೆ ತಾಡಪತ್ರಿ ಹೊದಿಸಿರಿ. ಹಗಲು ಕೊಟ್ಟ ನೀರು ತಗಡಿನ ಕಾವಿಗೆ ಹಾರಿಹೋಗುತ್ತದೆ.

ತೇವದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಕಾರಿನ ಹಿಡಿತಕ್ಕಾಗಿ ಮಾತ್ರವಲ್ಲ. ಮುಚ್ಚಿದ ಗೋಡೆಗಳ ನಡುವೆ ಎದ್ದ ಧೂಳು ಎಲ್ಲಿಗೂ ಹೋಗದು. ಅದನ್ನು ಉಸಿರಾಡುವವರು ನೀವು, ಮತ್ತು ನಿಮ್ಮ ಓಟ ನೋಡಲು ಬರುವ ಚಿಕ್ಕ ಮಕ್ಕಳು. ಹೊಳೆಯ ಮರಳಿನ ಸೂಕ್ಷ್ಮ ಪುಡಿಯಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಶಾಶ್ವತವಾದ ಹಾನಿ ಮಾಡಬಲ್ಲುದು, ಆದ್ದರಿಂದ ಹಗುರವಾದ ಓಟಕ್ಕೆಂದು ಮರಳನ್ನು ಮೇಲೆ ಎರಚುವುದು ಸರ್ವಥಾ ಕೂಡದು. ಒಣ ಕಸಬರಿಗೆಯನ್ನೂ ಒಳಗೆ ತರಬೇಡಿ. ಧೂಳು ಏಳುವುದು ಕಂಡ ಕೂಡಲೆ ಓಟ ನಿಲ್ಲಿಸುವ ಅಧಿಕಾರವನ್ನು ಸಂಘದ ಒಬ್ಬರಿಗೆ ಕೊಟ್ಟು, ಅವರು ಹೇಳಿದ ಮೇಲೆ ಯಾರೂ ಎದುರಾಡದಿರಿ. ತಿಕೋಟಾದ ಕಡೆಯವರಿಗೆ ಇನ್ನೂ ಒಂದು ಮಾತು: ದ್ರಾಕ್ಷಿಯ ಹಂಗಾಮಿನಲ್ಲಿ ಒಣದ್ರಾಕ್ಷಿಗೆ ಬೇಕಾಗುವ ಗೋದಾಮನ್ನು, ಉಳಿದ ತಿಂಗಳು ಖಾಲಿ ಇರುವುದೆಂದು ಮಣ್ಣಿನ ಹಾದಿಗೆ ತೆಗೆದುಕೊಳ್ಳಲೇಬಾರದು. ಬೆಳೆಗಾರನ ವರ್ಷದ ದುಡಿಮೆಯ ಮೇಲೆ ನಮ್ಮ ಧೂಳು ಕೂರುವುದಾದರೆ ಈ ಆಟವೇ ಬೇಡ.

ಮಣ್ಣಿನ ನೆಲ ದಿನಕ್ಕೊಂದು ಬಗೆಯಾಗಿರುತ್ತದೆಂದು, ಅದೇ ದೋಷವೆಂದು ಕೆಲವರು ಹೇಳುವುದುಂಟು. ಹೌದು, ಓಡಿ ಓಡಿ ರಬ್ಬರು ಮೆತ್ತಿದ ಗೆರೆಯೊಂದು ಹಾದಿಯಲ್ಲಿ ಕರಿದಾಗಿ ಮೂಡುತ್ತದೆ, ಅದರ ಮೇಲೆ ಕಾರು ಅಂಟಿದಂತೆ ತಿರುಗುತ್ತದೆ, ಒಂದು ಗೇಣು ಆಚೆ ಹೋದರೆ ಜಾರುತ್ತದೆ. ಬೆಳಿಗ್ಗೆಯ ತೇವದಲ್ಲಿ ಒಪ್ಪಿದ ಟೈರು ಸಂಜೆಗೆ ಒಪ್ಪುವುದಿಲ್ಲ. ನನಗೆ ಇದು ಈ ನೆಲದ ಪರಮಗುಣವಾಗಿ ತೋರುತ್ತದೆ. ಹೊಸದಾಗಿ ಕಲಿಯುವ ಹುಡುಗ ಹುಡುಗಿಯರು ಒಂದೇ ತೆರನಾದ ಹಿಡಿತದ ಮೇಲೆ ಕಲಿತರೆ ಹಾದಿಯನ್ನು ಬಾಯಿಪಾಠ ಮಾಡುತ್ತಾರೆ; ಬದಲಾಗುವ ಮಣ್ಣಿನ ಮೇಲೆ ಕಲಿತವರು ಪ್ರತಿ ಸುತ್ತಿನಲ್ಲಿಯೂ ನೆಲವನ್ನು ನೋಡಿ ಬೆರಳನ್ನು ಸಡಿಲಿಸುವುದನ್ನು, ಬಿಗಿಮಾಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಇವರು ಮುಂದೆ ಯಾವ ಊರಿನ ಯಾವ ನೆಲಕ್ಕೆ ಹೋದರೂ ಅಂಜಬೇಕಾಗಿಲ್ಲ.

ಕಡೆಯದಾಗಿ, ಕೆಲಸಕ್ಕೆ ಕೈ ಹಚ್ಚುವ ಮುನ್ನ ಮಾಡಬೇಕಾದುದು. ತಿಕೋಟಾದವರು ತಮ್ಮ ಕಡೆಯ ಗರಸನ್ನೂ ಬಬಲೇಶ್ವರದವರು ತಮ್ಮ ಕಡೆಯದನ್ನೂ ನಾಲ್ಕಾರು ಬುಟ್ಟಿ ತನ್ನಿರಿ. ನಗರದವರು ತಟ್ಟೆಗಳನ್ನು ಮಾಡಿಸಿಡಲಿ. ಯಾವ ತಟ್ಟೆ ಯಾರ ಊರಿನದೆಂಬ ಗುರುತನ್ನು ಕೆಳಗಡೆ ಮಾತ್ರ ಬರೆದು, ಪರೀಕ್ಷೆ ಮುಗಿದ ಮೇಲೆ ಮಗುಚಿ ನೋಡಿರಿ, ಇಲ್ಲವಾದರೆ ಊರಿನ ಅಭಿಮಾನ ಅಡ್ಡ ಬರುತ್ತದೆ. ಉತ್ತಮವೆಂದು ಕಂಡುಬಂದ ಗರಸನ್ನು ತರಿಸುವಾಗ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಿಗೆ ಇದ್ದ ಜಾಗದಿಂದಲೇ ತರಿಸಿ, ರಾಜಧನ ಕಟ್ಟಿದ ಪಾವತಿಯನ್ನು ಟ್ರ್ಯಾಕ್ಟರಿನವನ ಕೈಯಿಂದ ಇಸಿದುಕೊಳ್ಳಿರಿ. ಕಣದ ಉರುಳುಗಲ್ಲು ಯಾರ ಹೊಲದ ಬದುವಿನಲ್ಲಾದರೂ ಬಿದ್ದಿದ್ದರೆ ಮಾಲೀಕರನ್ನು ಕೇಳಿ ತಂದಿಡಿರಿ. ಏಕೆಂದರೆ ಗೋದಾಮಿನ ಮೂಲೆಗಳಿಗೆ ರೋಲರ್ ಯಂತ್ರ ತಿರುಗುವುದಿಲ್ಲ.

ಇತಿ,
ನಿಮ್ಮ ಹಿತಚಿಂತಕ